ದಿಬ್ಬದ ಮೇಲಿನ ಕಾವಲು

ಅಣ್ಣನಿಗೆ ತಮ್ಮನ ಮೇಲೆ ಅನುಮಾನ ಹುಟ್ಟಿದ್ದು ಗುಡ್ಡದಲ್ಲಿ ಮೊದಲ ಚಿಗುರು ಮುರಿದಿದ್ದು ಕಂಡ ದಿನ. ಆಮೇಲೆ ಅದಕ್ಕೆ ನೀರು ಗೊಬ್ಬರ ಬೇಕಾಗಲಿಲ್ಲ, ತಾನೇ ಬೆಳೆಯಿತು.

ಅಪ್ಪ ಬಿಟ್ಟುಹೋದ ಆ ಗುಡ್ಡದ ಹುಲ್ಲುಗಾವಲನ್ನು ಇಬ್ಬರೂ ಸೇರಿ ಕಂಪನಿಯೊಂದಕ್ಕೆ ಒಪ್ಪಿಸಿದ್ದರು. ಬೇಲಿ ಹಾಕಿ, ದನಕುರಿ ಬಿಡದೆ, ಏನೂ ನೆಡದೆ ಸುಮ್ಮನಿದ್ದರೆ ಹಳೆಯ ಕಾಡು ತಾನಾಗಿ ಏಳುತ್ತದೆ. ಆ ಮರಗಳು ಹೀರುವ ಇಂಗಾಲಕ್ಕೆ ಎಲ್ಲೋ ದೂರದ ಕಾರ್ಖಾನೆಯವರು ಹಣ ಕೊಡುತ್ತಾರೆ. ಸುಮ್ಮನಿರುವುದಕ್ಕೆ ಸಂಬಳ! ಆದರೆ ಅಣ್ಣನಿಗೆ ಹುಟ್ಟಿದಾಗಿನಿಂದ ಸುಮ್ಮನಿದ್ದು ಗೊತ್ತಿಲ್ಲ. ತಮ್ಮನೋ ಹೊಟ್ಟೆಪಾಡಿಗೆಂದು ಕುರಿಗಳನ್ನು ಉಳಿಸಿಕೊಂಡಿದ್ದ. ಅವನ ದೊಡ್ಡಿ ಬೇಲಿಯಾಚೆ, ಗುಡ್ಡದ ಬುಡದಲ್ಲೇ. ಅನುಮಾನಕ್ಕೆ ಇನ್ನೇನು ಬೇಕು?

ದಿನಾ ಬೆಳಿಗ್ಗೆ ಅಣ್ಣ ಕುದುರೆ ಏರಿ ಬೇಲಿಯೊಳಗೆ ಒಂದು ಸುತ್ತು ಹೊಡೆದು, ದಿಬ್ಬದ ಮೇಲೆ ನಿಂತು, ಕಣ್ಣಿಗೆ ದುರ್ಬೀನಿಟ್ಟುಕೊಂಡು ತಮ್ಮನ ದೊಡ್ಡಿಯನ್ನು ಕಾಯುತ್ತಿದ್ದ. ತಮ್ಮ ನಕ್ಕರೆ ಅನುಮಾನ, ನಗದಿದ್ದರೆ ಇನ್ನೂ ಅನುಮಾನ. ಗಿಡಗಳು ಎದೆಮಟ್ಟ ಬಂದರೂ ಚಿಗುರು ಮುರಿಯುವುದು ನಿಲ್ಲಲಿಲ್ಲ.

ಕೊನೆಗೊಂದು ದಿನ ತಮ್ಮನ ಅಂಗಳಕ್ಕೇ ಹೋಗಿ ಕೂಗಾಡಿದ.

"ಬೇಲಿಯೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋಣ? ಗೇಟಿನ ಬೀಗದಕೈ ನಿನ್ನ ಹತ್ರಾನೂ ಇದೆಯಲ್ಲ!"

"ಅಣ್ಣಾ, ನನ್ನ ಕುರಿ ಅಲ್ಲಿಗೆ ಕಾಲಿಟ್ಟಿಲ್ಲ."

"ಕುರಿ ಸುಳ್ಳು ಹೇಳಲ್ಲ ಕಣೋ, ಸಾಕಿದವನು ಹೇಳ್ತಾನೆ."

ತಮ್ಮನ ಮುಖ ಕಪ್ಪಿಟ್ಟಿತು. ಒಳಗಿನಿಂದ ಬೀಗದಕೈ ತಂದುಕೊಟ್ಟ. ಅದೇ ವಾರ ಲಾರಿಯೊಂದು ಬಂದು ಕುರಿಗಳನ್ನೆಲ್ಲ ತುಂಬಿಕೊಂಡು ಹೋಯಿತು. ಅಣ್ಣ ದಿಬ್ಬದಿಂದ ಅದನ್ನೂ ನೋಡಿದ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡ. ಆದರೂ ಅವತ್ತು ಊಟ ಸೇರಲಿಲ್ಲ.

ಮುಂದಿನ ತಿಂಗಳು ಕಂಪನಿಯಿಂದ ಗಿಡ ಅಳೆಯುವವಳು ಬಂದಳು. ಗುಡ್ಡವೆಲ್ಲ ಸುತ್ತಿ, ದಿಬ್ಬದ ಮೇಲೆ ನಿಂತಳು. ಅಣ್ಣ ಲಗಾಮು ಹಿಡಿದು ಪಕ್ಕದಲ್ಲಿದ್ದ.

"ಬೇರೆ ಕಡೆಯೆಲ್ಲ ಚೆನ್ನಾಗಿ ಬಂದಿದೆ. ನೀವು ಓಡಾಡೋ ದಾರಿ ಪಕ್ಕ, ಈ ದಿಬ್ಬದ ಮೇಲೆ ಮಾತ್ರ ಏನೋ ತಿಂದುಹಾಕಿದೆ."

"ಕುರಿ ಕಣಮ್ಮ, ನನ್ನ ತಮ್ಮಂದು. ಹೋದ ತಿಂಗಳು ಮಾರಿಬಿಟ್ಟ."

"ಇದು ಇವತ್ತು ಕಚ್ಚಿದ್ದು, ಇನ್ನೂ ಒದ್ದೆ ಇದೆ. ಕುರಿಗೆ ಇಷ್ಟು ಎತ್ತರ ಸಿಗುತ್ತಾ?"

ಅಣ್ಣನ ಕೈಯ ಲಗಾಮು ಜಗ್ಗಿತು. ಕುದುರೆ ಕತ್ತು ಚಾಚಿ ಗಿಡದ ತುದಿಯನ್ನು ನೆಮ್ಮದಿಯಾಗಿ ಅಗಿಯುತ್ತಿತ್ತು. ಇಷ್ಟು ದಿನ ಅವನು ದುರ್ಬೀನಿನಲ್ಲಿ ಮುಳುಗಿದ್ದಾಗಲೆಲ್ಲ ಅದಕ್ಕೆ ಇದೇ ಕೆಲಸ. ಸವಾರಿಯ ಪ್ರಾಣಿಗೂ ಬಾಯಿರುತ್ತದೆಂದು ಆ ಮಹಾನುಭಾವನಿಗೆ ಹೊಳೆದೇ ಇರಲಿಲ್ಲ. ನಾಚಿಕೆಯಿಂದ ನೆಲ ಬಿರಿದು ನುಂಗಬಾರದೇ ಅನ್ನಿಸಿತು.

"ಕುದುರೇನ ಹೊರಗೆ ಕಟ್ಟಿ. ಗಿಡ ಮತ್ತೆ ಚಿಗುರುತ್ತೆ," ಎಂದಳು ಅವಳು.

ಅಣ್ಣ ನಡೆದುಕೊಂಡೇ ತಮ್ಮನ ಮನೆಗೆ ಇಳಿದ. ದೊಡ್ಡಿ ಖಾಲಿ ಬಿದ್ದಿತ್ತು. ತಮ್ಮನ ಹೆಂಡತಿ ಬಾಗಿಲಿಗೆ ಬಂದಳು, ಒಳಗೆ ಬನ್ನಿ ಎನ್ನಲಿಲ್ಲ.

"ಅವನೆಲ್ಲಮ್ಮ?"

"ಕೂಲಿಗೆ ಹೋಗಿದ್ದಾರೆ ಭಾವ, ಯಾರದೋ ಕುರಿ ಕಾಯೋಕೆ. ಅಲ್ಲಿ ಅವರನ್ನ ನಂಬ್ತಾರಂತೆ."