ಸೂಜಿಯ ಮೇಲೆ ಕಣ್ಣು

ಸೂಜಿ ಮತ್ತೆ ಬಿತ್ತು. ಸತ್ತಾರ್ ಸಾಬರು ಅದನ್ನು ಹುಡುಕಲು ಬಗ್ಗಲಿಲ್ಲ. ಬೆಳಗಿನಿಂದ ಇದು ಆರನೆಯ ಸಲ. ಮೂರು ಗಂಟೆಯ ಬಸ್ಸಿಗೆ ನರಸಿಂಹರಾಜಪುರದಿಂದ ಅಳಿಯ ಅಜೀಜ್ ಬರುವವನಿದ್ದ. ಬಂದು, ಸಾಬರ ಕೈ ಕೆಟ್ಟ ಮೇಲೆ ಸುಮ್ಮನೆ ನಿಂತಿದ್ದ ಹೊಲಿಗೆ ಮಿಷನ್ನನ್ನೇ ಕೊಂಡೊಯ್ಯುವವನಿದ್ದ.

"ಸಾಬ್ರೆ, ನನ್ನ ರವಿಕೆ ಹಾಗೇ ಕೊಟ್ಬಿಡಿ. ಹುಕ್ಕು ನಾನೇ ಹಾಕ್ಕೊಳ್ತೀನಿ" ಎನ್ನುತ್ತ ಹೈಸ್ಕೂಲಿನ ವಿಜ್ಞಾನದ ಟೀಚರ್ ವನಮಾಲಾ ಅಂಗಡಿಯ ಮೆಟ್ಟಿಲು ಹತ್ತಿದರು.

ಆ ಹಸಿರು ರವಿಕೆ ಐದು ಹುಕ್ಕುಗಳಿಗಾಗಿ ಮೂರು ತಿಂಗಳಿಂದ ಕಾದಿತ್ತು. ಎಪ್ಪತ್ತೆಂಟನೇ ಇಸವಿಯ ಯುಗಾದಿಯ ಮರುದಿನ ಸಾಬರ ಬಲಗೈಗೆ ಒಮ್ಮೆಲೇ ಜೋಮು ಹಿಡಿದಿತ್ತು. ಮೆದುಳಿನಲ್ಲಿ ರಕ್ತ ಕಟ್ಟಿದೆ, ಕೈಗೆ ಬಲ ಬರುತ್ತದೆ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರು. ಬಲವೇನೋ ಬಂತು, ತುಂಬಿದ ಕೊಡ ಎತ್ತುತ್ತಿದ್ದರು. ಸೂಜಿ ಮಾತ್ರ ಬೆರಳಲ್ಲಿ ನಿಲ್ಲಲಿಲ್ಲ.

"ಕೊಡ ಎತ್ತೋ ಕೈಗೆ ಸೂಜಿ ಭಾರವಾ?" ಟೀಚರ್ ಹುಬ್ಬುಗಂಟಿಕ್ಕಿದರು. ಚೀಲದಿಂದ ಒಂದು ಸೀಮೆಸುಣ್ಣ ತೆಗೆದು ಸಾಬರ ಬಲಗೈಗಿತ್ತರು. "ಹಿಡ್ಕೊಳ್ಳಿ. ಈಗ ಕಣ್ಣು ಮುಚ್ಚಿ."

ಸಾಬರು ಮುಚ್ಚಿದರು.

"ಹಿಡ್ದಿದೀರಾ?"

"ಗಟ್ಟಿಯಾಗೇ ಹಿಡ್ದಿದೀನಿ ಟೀಚರ್."

ಪಕ್ಕದ ಬಳೆ ಅಂಗಡಿಯ ರಂಗಪ್ಪ ಕಿಸಕ್ಕನೆ ನಕ್ಕ. ಸಾಬರು ಕಣ್ಣು ತೆರೆದರು. ಸೀಮೆಸುಣ್ಣ ನೆಲದ ಮೇಲೆ ಎರಡು ತುಂಡಾಗಿ ಬಿದ್ದಿತ್ತು. ಬೆರಳುಗಳು ಮಾತ್ರ ಅದನ್ನು ಹಿಡಿದಂತೆಯೇ ಅರ್ಧ ಮಡಚಿದ್ದವು.

"ಈಗ ನೋಡ್ತಾ ಹಿಡೀರಿ" ಎಂದು ಟೀಚರ್ ಒಂದು ತುಂಡನ್ನೆತ್ತಿ ಕೊಟ್ಟು ಗಡಿಯಾರ ನೋಡತೊಡಗಿದರು. ಒಂದು ನಿಮಿಷ. ಎರಡು. ಸೀಮೆಸುಣ್ಣ ಅಲ್ಲಾಡಲಿಲ್ಲ.

"ಕೊಪ್ಪದಿಂದ ಹೊರಟ ಬಸ್ಸು ಶೃಂಗೇರಿ ಮುಟ್ತಾ ಇದೆ ಸಾಬ್ರೆ, ವಾಪಸ್ ಬರೋ ಬಸ್ಸೇ ಇಲ್ಲ. ಮೆದುಳು ಹಿಡಿ ಅಂದ್ರೆ ಕೈ ಹಿಡೀತದೆ. ಜಾರ್ತಾ ಇದೆ ಅಂತ ಬೆರಳು ಕಳಿಸೋ ಸುದ್ದಿ ಮೇಲೆ ತಲುಪ್ತಾ ಇಲ್ಲ. ಆ ಸುದ್ದೀನ ನಿಮ್ಮ ಕಣ್ಣೇ ತರಬೇಕು."

"ಅದಕ್ಕೆ ಇವರ ಕಣ್ಣು ಇಲ್ಲಿ ಇದ್ರಲ್ವಾ!" ರಂಗಪ್ಪ ಹೇಳಿದ. "ಯಾವ ಬಸ್ಸಿಂದ ಯಾರು ಇಳಿದ್ರು ಅಂತ ಇವರನ್ನೇ ಕೇಳ್ಬೇಕು ಮಾರಾಯ್ರೆ."

ಅದು ಸುಳ್ಳಲ್ಲ. ಸೂಜಿ ನೋಡಿ ಹೊಲಿಯುವವನು ಇನ್ನೂ ಕಲಿಯುವವನು ಎಂದು ಹೊಲಿಗೆ ಕಲಿಸಿದ ಉಸ್ತಾದರು ಹೇಳಿಕೊಟ್ಟಿದ್ದರು. ಮೂವತ್ತೈದು ವರ್ಷ ಸಾಬರು ಬಸ್ ಸ್ಟ್ಯಾಂಡಿನತ್ತ ಮುಖ ಮಾಡಿಯೇ ಹೊಲಿದಿದ್ದರು. ಕೈ ಕೆಟ್ಟ ಮೇಲೂ ಹಾಗೆಯೇ.

"ಈ ವಯಸ್ಸಲ್ಲಿ ಸೂಜಿ ನೋಡ್ತಾ ಕೂರೋದಾ? ಉಸ್ತಾದ್ರು ಇದ್ದಿದ್ರೆ ಕಿವಿ ಹಿಂಡ್ತಿದ್ರು" ಎಂದರು ಸಾಬರು.

ಒಳಗಿನ ಪರದೆಯ ಹಿಂದಿನಿಂದ ಹೆಂಡತಿ ಬಿಲ್ಕಿಸ್‌ಳ ದನಿ ಬಂತು. "ಉಸ್ತಾದ್ರು ತೀರಿಕೊಂಡು ಇಪ್ಪತ್ತು ವರ್ಷ ಆಯ್ತು. ಮಿಷನ್ ಹೋಗೋದು ಇವತ್ತು. ನೋಡಿ ಹೊಲೀರಿ!"

ಸಾಬರು ಸೂಜಿಯನ್ನು ಹುಡುಕಿ ತೆಗೆದರು. ಮೊದಲ ಹುಕ್ಕಿಗೆ ಎರಡು ಹೊಲಿಗೆ ಬಿದ್ದಿತ್ತು, ರಸ್ತೆಯಲ್ಲಿ ಯಾರೋ ಕೂಗಿದರು; ಕಣ್ಣು ಅತ್ತ ಹೋಯಿತು, ಸೂಜಿ ಇತ್ತ ಬಿತ್ತು. ಬಯ್ದುಕೊಂಡು ಮತ್ತೆ ಹಿಡಿದರು. ಎಷ್ಟು ಒತ್ತಿದ್ದೇನೆಂದು ಬೆರಳು ಹೇಳದಿದ್ದರೂ ಉಗುರು ಹೇಳುತ್ತಿತ್ತು: ಬಿಗಿ ಹೆಚ್ಚಾದರೆ ಬೆಳ್ಳಗಾಗುತ್ತಿತ್ತು, ಸಡಿಲಾದರೆ ಕೆಂಪಾಗುತ್ತಿತ್ತು. ಅವೆರಡರ ನಡುವಿನ ಬಣ್ಣವನ್ನು ಅವರು ಕಂಡುಹಿಡಿದರು. ಮೊದಲನೆಯದು ಮುಗಿದು ಎರಡನೆಯ ಹುಕ್ಕು ಕೂತಿತು. ಮೂರನೆಯದು. ನಾಲ್ಕನೆಯದು.

ಹಾರನ್ ಕೇಳಿಸಿತು. ನರಸಿಂಹರಾಜಪುರದ ಬಸ್ಸು. ಮೂವತ್ತೈದು ವರ್ಷದ ಅಭ್ಯಾಸ ಕತ್ತನ್ನು ಎಳೆಯಿತು. ಸಾಬರ ಕಣ್ಣು ಏಳಲಿಲ್ಲ.

"ಅಸ್ಸಲಾಮು ಅಲೈಕುಂ ಮಾವ" ಎಂದ ಅಜೀಜ್. ಮಿಷನ್ನನ್ನು ಬಸ್ಸಿನ ಮೇಲೆ ಕಟ್ಟಲು ತಂದಿದ್ದ ಹೊಸ ಹಗ್ಗದ ಸುರುಳಿ ಅವನ ಹೆಗಲ ಮೇಲಿತ್ತು.

"ವ ಅಲೈಕುಂ ಅಸ್ಸಲಾಂ. ಕೂತ್ಕೊ. ನಿನ್ನ ಮುಖ ನೋಡಿದ್ರೆ ಸೂಜಿ ಬೀಳ್ತದೆ."

ಐದನೆಯ ಹುಕ್ಕಿನ ದಾರವನ್ನು ಹಲ್ಲಿನಿಂದ ಕಡಿದಾಗಲೇ ಅವರು ತಲೆಯೆತ್ತಿದ್ದು. ಟೀಚರ್ ಹುಕ್ಕುಗಳನ್ನು ಒಂದೊಂದಾಗಿ ಜಗ್ಗಿ ನೋಡಿದರು. ಯಾವುದೂ ಅಲುಗಲಿಲ್ಲ. ರಂಗಪ್ಪ ಮೆಟ್ಟಿಲಿಳಿದು ಹೋಗಿ, ಯಾರೂ ಹೇಳದೆಯೇ, ಎಲ್ಲರಿಗೂ ಟೀ ಹಿಡಿದುಕೊಂಡು ಬಂದ.

"ಮಾವ, ಮಿಷನ್ನು..." ಎಂದ ಅಜೀಜ್.

ಬಿಲ್ಕಿಸ್ ಹೊರಗೆ ಬಂದು ಅಳಿಯನ ಹೆಗಲಿನಿಂದ ಹಗ್ಗವನ್ನು ಇಳಿಸಿಕೊಂಡಳು. ಅಂಗಡಿಯ ಎರಡು ಕಂಬಗಳ ನಡುವೆ ಎಳೆದು ಕಟ್ಟಿದಳು. ಸಂಜೆಯ ಬಸ್ಸಿಗೆ ಅಜೀಜ್ ಬರಿಗೈಯಲ್ಲಿ ಹತ್ತಿದಾಗ ಆ ಹಗ್ಗದ ಮೇಲೆ ನೆಮ್ಮಾರಿನ ಗಿರಾಕಿಯೊಬ್ಬರ ಅಂಗಿ ತೂಗುತ್ತಿತ್ತು. ಸಾಬರು ಆಗಷ್ಟೇ ಹಚ್ಚಿದ್ದ ಅದರ ಗುಂಡಿಗಳೆಲ್ಲ ಒಂದೇ ಸಾಲಿನಲ್ಲಿದ್ದವು. ಮೇಲಿನದೊಂದು ಮಾತ್ರ ಎಳ್ಳಷ್ಟು ಓರೆ.