ಮಣ್ಣೊಳಗಿನ ಬಟ್ಟಲು

ತಂಗಿ ಆಸ್ಪತ್ರೆಯ ಮಂಚದ ಮೇಲೆ ಎದ್ದು ಕುಳಿತಿದ್ದಾಳೆ, ವಾಂತಿ ನಿಂತಿದೆ ಎಂದು ಅವಳ ಗಂಡ ಫೋನು ಮಾಡಿದಾಗ ಅಕ್ಕ ಕಾಡಿನಲ್ಲಿ ಮಂಡಿಯೂರಿ ಮಣ್ಣು ಕೆದಕುತ್ತಿದ್ದಳು.

ಇಬ್ಬರೂ ಕಾಡಣಬೆ ಆಯ್ದು ಪೇಟೆಯ ಮಂಡಿಗೆ ಹಾಕುವವರು. ಅಲ್ಲಿ ಬೆಳೆಯುವ ಬಿಳಿ ಅಣಬೆ ಎರಡು ಬಗೆ. ಎರಡಕ್ಕೂ ಕೊಡೆಯಂಥ ತಲೆ, ಕಾಂಡಕ್ಕೆ ಬಳೆಯಂಥ ಸುತ್ತು. ತಿನ್ನುವ ಅಣಬೆಯ ಕೊಡೆಯಡಿಯ ಪದರಗಳು ಬಲಿತಂತೆ ಕಂದುಬಣ್ಣಕ್ಕೆ ತಿರುಗುತ್ತವೆ. ಕೊಲ್ಲುವ ಅಣಬೆಯವು ಕಡೆತನಕ ಬಿಳಿ. ಆದರೆ ಎಳೆಯವನ್ನು ಪಕ್ಕಪಕ್ಕ ಇಟ್ಟರೆ ಪಳಗಿದ ಕಣ್ಣೂ ಮೋಸಹೋಗುತ್ತದೆ. ಆಗ ಸತ್ಯ ನುಡಿಯುವುದು ಬುಡವೊಂದೇ. ವಿಷದ್ದು ಮಣ್ಣೊಳಗೆ ಪುಟ್ಟ ಬಟ್ಟಲಿನಲ್ಲಿ ಕಾಲೂರಿರುತ್ತದೆ. ಅದಕ್ಕೆಂದೇ ಅಜ್ಜಿ ಬುಡಸಮೇತ ಕೀಳುವುದನ್ನು ಕಲಿಸಿದ್ದಳು.

ಮಂಡಿಯ ಸಾಹುಕಾರನಿಗೆ ಅದು ಹಿಡಿಸಲಿಲ್ಲ. “ಮಣ್ಣು ಕಂಡ್ರೆ ಗಿರಾಕಿ ಮೂಗು ಮುರೀತಾನಮ್ಮ. ಕಾಡಲ್ಲೇ ಬುಡ ಕೊಯ್ದು ತನ್ನಿ. ಇಲ್ಲಾಂದ್ರೆ ಬುಟ್ಟಿ ಇಳಿಸ್ಬೇಡಿ.”

ನೋಟದ ಚೊಕ್ಕತನಕ್ಕಾಗಿ ಸತ್ಯದ ಬುಡವನ್ನೇ ಕತ್ತರಿಸುವ ಇಂಥ ನಿಯಮವನ್ನು ಯಾರಾದರೂ ಧಿಕ್ಕರಿಸಬೇಕಿತ್ತು. ಬದಲಿಗೆ ಎಲ್ಲರ ಕೈಗೂ ಚಾಕು ಬಂತು. ಮೊನ್ನೆ ಸಾಹುಕಾರ ಹರಿದವೆಂದು ತಳ್ಳಿದ ಎಳೆ ಅಣಬೆಗಳನ್ನು ತಂಗಿ ಮನೆಗೊಯ್ದು ಹುರಿದು ತಿಂದಳು.

“ಯಾವ ಅಣಬೆ ಅಂತ ಗೊತ್ತಾಗ್ಬೇಕಿತ್ತಲ್ಲ” ಎಂದಿದ್ದರು ಡಾಕ್ಟರು. ಹಾಗಾಗಿ ತಂಗಿ ಕೊಯ್ದ ಜಾಗವನ್ನೇ ಅಕ್ಕ ಹುಡುಕಿ ಬಂದಿದ್ದಳು. ಕತ್ತರಿಸಿದ ಬುಡಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿದಳು. ಕೆಲವು ಬರಿದಾಗಿ ಬಂದವು. ಮರದ ಬೇರಿಗೆ ಒತ್ತಿಕೊಂಡಿದ್ದ ಒಂದು ಮಾತ್ರ ಬಟ್ಟಲಿನೊಂದಿಗೆ ಬಂತು.

ಆಸ್ಪತ್ರೆಯ ಹಜಾರದಲ್ಲಿ ಅದನ್ನು ಕಂಡ ಡಾಕ್ಟರು ದನಿ ತಗ್ಗಿಸಿದರು. “ಇದನ್ನ ತಿಂದೋರು ನಡುವೆ ಒಂದು ದಿನ ಹೀಗೇ ಗೆಲುವಾಗಿರ್ತಾರಮ್ಮ. ಒಳಗೆ ಲಿವರ್ ಕೆಡ್ತಾನೇ ಇರುತ್ತೆ. ದೊಡ್ಡಾಸ್ಪತ್ರೆಗೆ ಕಳಿಸ್ತೀವಿ, ಗಾಡಿ ಬರ್ತಿದೆ. ತಡವಾಗಿದೆ, ಸುಳ್ಳು ಹೇಳಲ್ಲ.”

ಒಳಗೆ ತಂಗಿ ತಲೆಗೂದಲು ಬಿಚ್ಚಿಕೊಂಡು ಕುಳಿತಿದ್ದಳು.

“ಏನಕ್ಕಾ, ಮುಖ ಮೊಳದುದ್ದ ಮಾಡ್ಕೊಂಡಿದ್ದೀಯ? ಕಲ್ಲು ತಿಂದು ಕರಗಿಸೋ ಹೊಟ್ಟೆ ಕಣೇ ಇದು. ನಡಿ, ಮನೆಗೆ ಹೋಗೋಣ.”

“ಹೋಗೋಣ.”

“ಕೈಯೇನು ಹಾಗಿದೆ?”

“ಮಣ್ಣು.”

“ಥೂ, ತೊಳ್ಕೊಂಡು ಬಾ. ಸಾಹುಕಾರ ನೋಡಿದ್ರೆ ನಿನ್ನನ್ನೂ ಮಂಡೀಲಿ ಇಳಿಸೋಕೆ ಬಿಡಲ್ಲ.” ತನ್ನ ಮಾತಿಗೆ ತಾನೇ ನಕ್ಕಳು.

ಅಕ್ಕ ಕೈ ತೊಳೆಯಲು ಹೋಗಲಿಲ್ಲ. ಗಾಡಿ ಬರುವವರೆಗಾದರೂ ಅವಳನ್ನು ಬಿಟ್ಟೇಳಲು ಮನಸ್ಸಾಗದೆ, ಬೆನ್ನ ಹಿಂದೆ ಕುಳಿತು, ಆ ಮಣ್ಣಿನ ಕೈಯಲ್ಲೇ ಜಡೆ ಹೆಣೆಯತೊಡಗಿದಳು.