ಎರಡು ವರ್ಷ ಕಡಿಮೆ

ಮುನಿಶಾಮಿ ಫ್ಲೆಕ್ಸಿನ ಒಂದು ಕಡೆಯ ಹಗ್ಗ ಬಿಚ್ಚಿ ಎಳೆದೇಬಿಟ್ಟ. ಸತ್ತ ಲಕ್ಷ್ಮಯ್ಯನ ನಗುಮುಖ ಅರ್ಧ ಮಡಚಿಕೊಂಡು ಚಪ್ಪರದ ಕಂಬಕ್ಕೆ ಜೋತುಬಿತ್ತು. ತಮಟೆಯವರು ಬಡಿಯುವುದನ್ನು ನಿಲ್ಲಿಸಿದರು.

"ಚಿಕ್ಕಪ್ಪಾ, ಅಪ್ಪನ ಹೆಣ ಇನ್ನೂ ಮನೆ ಮುಂದೇನೇ ಐತೆ," ಎಂದು ಬೀರೇಶ್ ಓಡಿಬಂದ. "ಏನ್ ಬಂತು ನಿಮಗೆ?"

"ವಯಸ್ಸು ಎಪ್ಪತ್ಮೂರು ಅಂತ ಹಾಕ್ಸಿದೀಯಲ್ಲೋ! ನಿಮ್ಮಪ್ಪಂಗೆ ಎಪ್ಪತ್ತೈದು. ಒಂದೇ ಹೊಟ್ಟೇಲಿ, ಒಂದೇ ಬೆಳಗ್ಗೆ ಹುಟ್ಟಿದೋರು ನಾವು. ನನ್ನ ಎರಡು ವರ್ಷ ತಿಂದೋನು, ಸತ್ತ ಮೇಲೆ ಅದನ್ನೇ ಹಾಕ್ಕೊಂಡು ಮೆರೀತಾನಾ?"

ಚಾಪೆಯ ಮೇಲಿದ್ದ ಕದಿರಮ್ಮ ಮೈದುನನ ಕಡೆ ತಿರುಗಿಯೂ ನೋಡಲಿಲ್ಲ. "ಹದಿನೈದು ವರ್ಷ ನನ್ನ ಗಂಡನ ಮುಖಾನೇ ನೋಡದೇ ಇದ್ದೋನು ಇವತ್ತು ಜಗಳಕ್ಕೇ ಬಂದವ್ನೆ. ಹೆಗಲು ಕೊಡೋದಾದ್ರೆ ಇರು, ಇಲ್ದಿದ್ರೆ ನಡಿ."

"ಅವನಿಗೆ ನಾನ್ಯಾಕೆ ಕೊಡ್ಲಿ ಹೆಗಲು?"

*

ಅವಳಿ ಮಕ್ಕಳಲ್ಲಿ ಒಬ್ಬನನ್ನು ಅಪ್ಪ ಸ್ಕೂಲಿಗೆ ಕಳಿಸಿದ, ಇನ್ನೊಬ್ಬನನ್ನು ಕುರಿ ಹಿಂದೆ ಅಟ್ಟಿದ. ಎರಡು ವರ್ಷ ಕುರಿ ಕಾದ ಮೇಲೆ ಮುನಿಶಾಮಿಯೂ ಒಂದನೇ ಕ್ಲಾಸಿಗೆ ಸೇರಿದ. ಮೇಷ್ಟರು ಕ್ಲಾಸಿಗೆ ಹೊಂದುವಂತೆ ಹುಟ್ಟಿದ ದಿನ ಬರೆದುಕೊಂಡರು. ಕಾಗದದಲ್ಲಿ ಅವನು ಎರಡು ವರ್ಷ ಚಿಕ್ಕವನಾದ.

ಮುಂದೆ ಇಬ್ಬರಿಗೂ ಕೈವಾರದಾಚೆಯ ಗುಡ್ಡದ ಮೇಲಿನ, ನಕ್ಷತ್ರ ನೋಡುವ ದೂರದರ್ಶಕ ಕೇಂದ್ರದಲ್ಲಿ ಕೆಲಸವಾಯಿತು. ಲಕ್ಷ್ಮಯ್ಯ ನಕ್ಷತ್ರಗಳು ಎಷ್ಟು ಸಲ ಭುಗಿಲೆದ್ದವೆಂದು ಗ್ರಾಫಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದ. ಮುನಿಶಾಮಿ ಜೀಪು ಓಡಿಸುತ್ತಿದ್ದ. ಒಂದು ದಿನ ಆರ್ಡರು ಬಂತು: ನಿಜವಾದ ವಯಸ್ಸು ಗೊತ್ತಾಗಿದೆ, ಅಣ್ಣನ ಜೊತೆಗೇ ನೀನೂ ನಿವೃತ್ತ. ವಯಸ್ಸು ಸುಳ್ಳು ಬರೆಸಿದವನೆಂಬ ಮಾತು ಹಬ್ಬಿ ಅವನ ಮಗಳಿಗೆ ನಿಶ್ಚಯವಾಗಿದ್ದ ಸಂಬಂಧ ಮುರಿದುಬಿತ್ತು. ಬಾಯಿಬಿಟ್ಟವನು ಲಕ್ಷ್ಮಯ್ಯನೇ ಎಂದು ಆಫೀಸಿನಲ್ಲಿ ಹೇಳಿದರು. ಆಮೇಲೆ ಅವನು ಬಾಗಿಲಿಗೆ ಬಂದಾಗಲೆಲ್ಲ ಮುನಿಶಾಮಿ ನಾಯಿ ಬಿಟ್ಟ.

*

"ಲಕ್ಷ್ಮಯ್ಯನೋರು ಬಾಯ್ಬಿಟ್ಟ ದಿನ ನಾನಲ್ಲೇ ಇದ್ದೆ ತಾತ," ಎಂದಳು ಸಾವಿಗೆ ಬಂದು ಚಪ್ಪರದಲ್ಲಿ ನಿಂತಿದ್ದ ಪವಿತ್ರ. ಆಗ ಕೇಂದ್ರಕ್ಕೆ ಕಲಿಯಲು ಬರುತ್ತಿದ್ದ ಹುಡುಗಿ, ಈಗ ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಮೇಡಂ.

"ದೊಡ್ಡ ಆಫೀಸರ್ ಬಂದಿದ್ರು. ಒಂದು ಜೋಡಿ ನಕ್ಷತ್ರದ ಗ್ರಾಫ್ ನೋಡಿ, 'ಇದು ಇಷ್ಟು ಸಿಡೀತಿದೆ, ಎಳೇದಿರ್ಬೇಕು, ಪಕ್ಕದ್ದು ತಣ್ಣಗಿದೆ, ಅದು ಮುದಿ' ಅಂದ್ರು. ಲಕ್ಷ್ಮಯ್ಯನೋರು ತಡೀಲಿಲ್ಲ. 'ಇಲ್ಲ ಸಾರ್, ಎರಡೂ ಒಟ್ಟಿಗೆ ಹುಟ್ಟಿರೋವು, ಒಂದರ ವಯಸ್ಸೇ ಇನ್ನೊಂದರದ್ದು. ಹತ್ತಿರ ಇದ್ದು ಒಂದನ್ನೊಂದು ಎಳೆದು ತಿರುಗಿಸ್ತವೆ, ಅದಕ್ಕೇ ಮುದಿಯಾದ್ರೂ ಸಿಡೀತದೆ. ನನ್ನ ತಮ್ಮನ್ನೇ ನೋಡಿ, ಕಾಗದದಲ್ಲಿ ಎರಡು ವರ್ಷ ಚಿಕ್ಕೋನು, ಹುಟ್ಟಿದ್ದು ನನ್ನ ಜೊತೇಲೇ' ಅಂದ್ಬಿಟ್ರು. 'ಯಾವ ತಮ್ಮ?' ಅಂತ ಆಫೀಸರ್ ಕೇಳಿದ್ಮೇಲೇ ಅವರಿಗೆ ಹೊಳೆದಿದ್ದು. ಕೈಲಿದ್ದ ಪೆನ್ಸಿಲು ಬಿದ್ದುಹೋಯ್ತು."

ಮುನಿಶಾಮಿ ಕೈಲಿದ್ದ ಹಗ್ಗವನ್ನು ನೆಲಕ್ಕೆ ಬಿಸಾಡಿದ. ಅಣ್ಣ ಬೇಕಂತಲೇ ಮಾಡಿದ್ದರೆ ಶಾಪ ಹಾಕಲು ಸುಲಭವಿತ್ತು.

"ಉದಾಹರಣೆಗೆ! ಒಂದು ಉದಾಹರಣೆಗೆ ನನ್ನ ಮಗಳ ಬಾಳು ಕೊಟ್ನಾ ಆ ಎಡವಟ್ಟು ನನ್ಮಗ?"

"ಹೂಂ, ಅಪ್ಪಾನೂ ಹಂಗೇ ಬೈಕೊಳ್ಳೋರು," ಎಂದ ಬೀರೇಶ್. "ಮೊನ್ನೆ ಆಸ್ಪತ್ರೇಲಿ ಕೈ ಹಿಡ್ಕೊಂಡು ಹೇಳಿದ್ರು, 'ತಮ್ಮನ ಕಾಗದದಲ್ಲಿ ಎಷ್ಟೈತೋ ನಂಗೂ ಅಷ್ಟೇ ಹಾಕ್ಸು. ಅವನದು ಸುಳ್ಳು ಅಂತ ಊರೆಲ್ಲ ಅಂತು, ನಂದೂ ಅದೇ ಸುಳ್ಳಾಗ್ಲಿ' ಅಂತ."

ತಮಟೆ ಮತ್ತೆ ಶುರುವಾಯಿತು. ನಾಲ್ಕು ಜನ ಚಟ್ಟ ಎತ್ತಿದರು. ಕದಿರಮ್ಮ ಮೊದಲ ಸಲ ಮೈದುನನ ಮುಖ ನೋಡಿದಳು. ಅವನು ಹೆಗಲು ಕೊಡಲಿಲ್ಲ.

ಬೀದಿ ಖಾಲಿಯಾದ ಮೇಲೆ ಮುನಿಶಾಮಿ ಬಗ್ಗಿ ಹಗ್ಗದ ತುದಿ ಹಿಡಿದುಕೊಂಡ. ಎಳೆದಂತೆ ಅಣ್ಣನ ಮುಖ ಸುಕ್ಕು ಬಿಟ್ಟು ಮೇಲೆದ್ದಿತು, ಕೆಳಗಿನ ಎಪ್ಪತ್ಮೂರೂ ಕಾಣಿಸಿತು. ಆ ಎರಡು ವರ್ಷ ಕುರಿ ಕಟ್ಟಿ ಕಲಿತ ಗಂಟನ್ನು ಅವನು ಕಂಬಕ್ಕೆ ಹಾಕಿದ, ಎಷ್ಟು ಜಗ್ಗಿದರೂ ಬಿಚ್ಚದ ಗಂಟು.